ದೊಣೆಯ ಒಣಮಣ್ಣಿನಿಂದ ಫೇರಿ ಶ್ರಿಂಪ್: ಕೊಪ್ಪಳದ ಬಂಡೆಗುಡ್ಡಗಳ ಕೆಲಸದ ಟಿಪ್ಪಣಿ

ಗಂಗಾವತಿ ತಾಲ್ಲೂಕಿನ ಆನೆಗೊಂದಿ, ಸಾಣಾಪುರ ಕಡೆಯ ಬಂಡೆಗುಡ್ಡಗಳ ಮೇಲೆ ದೊಣೆಗಳಿಗೆ, ಅಂದರೆ ಮಳೆನೀರು ನಿಲ್ಲುವ ಬಂಡೆಯ ತಗ್ಗುಗಳಿಗೆ, ಲೆಕ್ಕವಿಲ್ಲ. ಈ ಕೆಲಸಕ್ಕೆ ಬೇಕಾದದ್ದು ಬೇಸಿಗೆಯಲ್ಲೂ ನೀರು ನಿಲ್ಲುವ ದೊಡ್ಡ ದೊಣೆಯಲ್ಲ. ಗೇಣು ಆಳವೂ ಇಲ್ಲದ, ಮಳೆ ಬಿಟ್ಟ ಎರಡು ಮೂರು ವಾರಕ್ಕೆ ಬತ್ತಿಹೋಗುವ ಸಣ್ಣ ದೊಣೆ. ಅಲ್ಲಿ ಮೀನಿರುವುದಿಲ್ಲ. ಮೈಮೇಲೆ ಚಿಪ್ಪಿಲ್ಲದ, ಗಾಜಿನಂತೆ ಪಾರದರ್ಶಕವಾದ, ಸೀಗಡಿಯ ದೂರದ ಬಂಧುವಾದ ಫೇರಿ ಶ್ರಿಂಪ್ ಎಂಬ ಸಣ್ಣ ನೀರುಜೀವಿ ಅಲ್ಲಿ ಬದುಕುವುದು ಅದಕ್ಕೇ. ಬೇಸಿಗೆಯಲ್ಲಿ ಅದು ತಳದ ಒಣಮಣ್ಣಿನಲ್ಲಿ ಕಾಲು ಮಿಲಿಮೀಟರಿನಷ್ಟು ಮೊಟ್ಟೆಯಾಗಿ ಬಿದ್ದಿರುತ್ತದೆ. ಆ ಮೊಟ್ಟೆ ಯಾವ ಸುಳಿವು ಸಿಕ್ಕರೆ ಒಡೆಯುತ್ತದೆ, ಯಾವುದು ಸಿಗದಿದ್ದರೆ ಸುಮ್ಮನಿರುತ್ತದೆ ಎಂಬುದನ್ನು ಟಬ್ಬಿನಲ್ಲಿ ಪರೀಕ್ಷಿಸುತ್ತಿದ್ದೇವೆ.

ಕೃತ್ತಿಕೆ: ಮಣ್ಣು

ಮಣ್ಣು ತೆಗೆಯಬೇಕಾದದ್ದು ದೊಡ್ಡ ಮಳೆ ಬೀಳುವ ಮುಂಚೆ. ಒಂದು ಸಲ ನೆನೆದ ಮಣ್ಣಿನಲ್ಲಿ ಒಂದಷ್ಟು ಮೊಟ್ಟೆ ಒಡೆದುಹೋಗಿರುತ್ತವೆ, ಲೆಕ್ಕ ತಪ್ಪುತ್ತದೆ. ದೊಣೆಯ ಅತಿ ತಗ್ಗಿನ ಜಾಗದಲ್ಲಿ ಮೇಲಿನ ಎರಡು ಸೆಂಟಿಮೀಟರನ್ನಷ್ಟೇ ಚಮಚದಿಂದ ಕೆರೆಯಬೇಕು. ಒಂದು ದೊಣೆಯಿಂದ ಎರಡು ಚಮಚಕ್ಕಿಂತ ಹೆಚ್ಚು ತೆಗೆಯಲೇಬಾರದು. ಆ ದೊಣೆಯ ಮುಂದಿನ ತಲೆಮಾರೆಲ್ಲ ಆ ಹಿಡಿ ಮಣ್ಣಿನಲ್ಲೇ ಇದೆ, ಬೇರೆಲ್ಲೂ ಇಲ್ಲ. ಸ್ಮಾರಕಗಳ ಆವರಣ ಮತ್ತು ಅರಣ್ಯ ಇಲಾಖೆಯ ಜಾಗವನ್ನು ಬಿಟ್ಟು, ಹೊಲದ ಮಾಲೀಕರನ್ನು ಕೇಳಿ ಪಟ್ಟಾ ಜಮೀನಿನ ಬಂಡೆಗಳಲ್ಲಷ್ಟೇ ತೆಗೆದಿದ್ದೇವೆ.

ಮಣ್ಣನ್ನು ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಕವರಿನಲ್ಲಿ ಉಳಿದ ತೇವ ಹೊರಗೆ ಹೋಗದೆ ಬೂಸು ಹಿಡಿಯುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಅರ್ಧ ನೆನೆದ ಮೊಟ್ಟೆಗೆ ಬಿಸಿ ತಡೆಯುವ ಶಕ್ತಿ ಇರುವುದಿಲ್ಲ. ಮೊಟ್ಟೆ ಎಂದರೂ ಒಳಗಿರುವುದು ಬೆಳವಣಿಗೆ ನಡುವೆಯೇ ನಿಂತ ಭ್ರೂಣ. ಒಣಗುವಾಗ ಅದರೊಳಗಿನ ಟ್ರೆಹಲೋಸ್ ಎಂಬ ಸಕ್ಕರೆ ನೀರಿನ ಜಾಗ ಹಿಡಿದು ಜೀವಕೋಶದ ಪೊರೆ, ಪ್ರೋಟೀನು ಕೆಡದಂತೆ ಕಾಯುತ್ತದೆ. ಇದರ ಹತ್ತಿರದ ಬಂಧು ಟ್ರೈಯಾಪ್ಸ್‌ನ ಒಣ ಮೊಟ್ಟೆಗಳು ನೀರು ಕುದಿಯುವ ಮಟ್ಟದ ಸಮೀಪದವರೆಗೂ ಬಿಸಿ ತಾಳುತ್ತವೆ ಎಂದು ಸುಡಾನಿನ ಮೊಟ್ಟೆಗಳ ಮೇಲೆ ನಡೆದ ಪರೀಕ್ಷೆ 1968ರಲ್ಲೇ ತೋರಿಸಿತ್ತು. ಕೈ ಇಡಲಾಗದಷ್ಟು ಕಾಯುವ ನಮ್ಮ ಮೇ ತಿಂಗಳ ಬಂಡೆ ಒಣ ಮೊಟ್ಟೆಗೆ ಏನೂ ಅಲ್ಲ. ನೆನೆದ ಮೊಟ್ಟೆಗೆ ಅದೇ ಸಾವು.

ಮೃಗಶಿರ: ನೀರು

ಪ್ರತಿ ಟಬ್ಬಿಗೆ 30 ಗ್ರಾಂ ಮಣ್ಣು, ಮೂರು ಲೀಟರ್ ನೀರು. ಟಬ್ಬು ಅಗಲವಾಗಿರಲಿ, ನೀರಿನ ಆಳ 8ರಿಂದ 10 ಸೆಂಟಿಮೀಟರ್ ಸಾಕು. ಆಳ ಹೆಚ್ಚಾದರೆ ತಳಕ್ಕೆ ಆಮ್ಲಜನಕ ಹೋಗುವುದಿಲ್ಲ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಂಡರೆ 35 ಡಿಗ್ರಿಯಲ್ಲಿ 7ಕ್ಕೂ ಕಡಿಮೆ. ಹಾಗಾಗಿ ಟಬ್ಬು ನೆರಳಿನಲ್ಲಿರಬೇಕು, 26ರಿಂದ 28 ಡಿಗ್ರಿ ಒಳ್ಳೆಯದು.

ನೀರಿನ ವಿಷಯದಲ್ಲಿ ಎಷ್ಟು ಜಾಗ್ರತೆ ಮಾಡಿದರೂ ಕಡಿಮೆಯೇ. ಮಳೆ ಶುರುವಾಗಿ ಅರ್ಧ ಗಂಟೆ ಬಿಟ್ಟು, ತೊಳೆದ ತಾಡಪಾಲು ಕಟ್ಟಿ ಹಿಡಿದ ನೀರೇ ಆಗಬೇಕು. ತಗಡಿನ ಮಾಳಿಗೆಯಿಂದ ಇಳಿದ ನೀರು ಬೇಡ. ಅದರಲ್ಲಿ ಸತು ಬೆರೆತಿರುತ್ತದೆ, ಈ ಜಾತಿಯ ಜೀವಿಗಳಿಗೆ ಅದು ವಿಷ. ತಾಮ್ರದ ಪಾತ್ರೆಯೂ ಅಷ್ಟೇ.

ಒಂದೇ ದೊಣೆಯ ಮಣ್ಣನ್ನು ಮೂರು ಟಬ್ಬಿಗೆ ಹಂಚಿದೆವು. ಒಂದರಲ್ಲಿ ಮಳೆನೀರು, ಕರಗಿದ ಲವಣವನ್ನು ಅಳೆಯುವ ಟಿಡಿಎಸ್ ಮೀಟರಿನಲ್ಲಿ 20ರ ಆಸುಪಾಸು. ಎರಡನೆಯದರಲ್ಲಿ ಬೋರ್ ನೀರು, ಅದರ ಅಂಕಿ ಸಾವಿರದ ಮೇಲೆ. ಮೂರನೆಯದರಲ್ಲಿ ಮಳೆನೀರೇ, ಆದರೆ ಕಪ್ಪು ಕಾಗದ ಸುತ್ತಿ ಪೂರ್ತಿ ಕತ್ತಲು. ಮೊದಲ ಟಬ್ಬಿನಲ್ಲಿ ಎರಡು ರಾತ್ರಿ ಕಳೆಯುವುದರೊಳಗೆ ಅರ್ಧ ಮಿಲಿಮೀಟರಿನ ಕೇಸರಿ ಚುಕ್ಕೆಗಳು ಕುಪ್ಪಳಿಸುತ್ತಿದ್ದವು. ಬೋರ್ ನೀರಿನಲ್ಲಿ ಒಂದೂ ಇಲ್ಲ. ಕತ್ತಲ ಟಬ್ಬಿನಲ್ಲಿ ಹುಡುಕಿದರೆ ಅಲ್ಲೊಂದು ಇಲ್ಲೊಂದು.

ಇದರ ಕಾರಣವೇ ಈ ಕೆಲಸದಲ್ಲಿ ನಮಗೆ ಅತಿ ಇಷ್ಟವಾದ ಭಾಗ. ದೊಣೆ ಒಮ್ಮೆಲೇ ತುಂಬಿದಾಗ ನೀರು ತೆಳು, ಲವಣ ಕಡಿಮೆ. ಬತ್ತುತ್ತ ಹೋದಂತೆ ಅದೇ ಲವಣ ಕಡಿಮೆ ನೀರಿನಲ್ಲಿ ಉಳಿದು ಗಟ್ಟಿಯಾಗುತ್ತದೆ. ದೊಣೆಯ ಆಳವನ್ನು ಮೊಟ್ಟೆ ಅಳೆಯಲಾರದು. ಲವಣದ ಪ್ರಮಾಣವನ್ನು ಅದರ ಸಿಪ್ಪೆಯ ಒಳಗೂ ಹೊರಗೂ ಇರುವ ಒತ್ತಡದ ವ್ಯತ್ಯಾಸ ತಿಳಿಸುತ್ತದೆ. ತೆಳು ನೀರೆಂದರೆ ಈಗಷ್ಟೇ ತುಂಬಿದೆ, ಬೆಳೆಯಲು ದಿನಗಳಿವೆ ಎಂದರ್ಥ. ಗಟ್ಟಿ ನೀರಿನಲ್ಲಿ ಒಡೆದರೆ ದೊಡ್ಡದಾಗುವ ಮೊದಲೇ ದೊಣೆ ಒಣಗಿರುತ್ತದೆ. ಬೆಳಕು ಹೇಳುವುದು ಇನ್ನೊಂದನ್ನು: ಮೊಟ್ಟೆ ಮಣ್ಣಿನ ಮೇಲಿದೆಯೋ, ಹೂತಿದೆಯೋ. ಕೆಸರಿನಡಿ ಒಡೆದ ಮರಿ ಮೇಲಕ್ಕೆ ಬರಲಾರದು.

ಆರಿದ್ರಾ: ಸಾಕಣೆ

ಮೊದಲ ದಿನ ಏನೂ ಹಾಕಬೇಡಿ, ಮರಿ ತನ್ನ ಮೈಯ ಭಂಡಾರದಿಂದಲೇ ಬದುಕುತ್ತದೆ. ಆಮೇಲೆ ಸ್ಪಿರುಲಿನಾ ಎಂಬ ಪಾಚಿಯ ಪುಡಿಯನ್ನು ಬೆಂಕಿಕಡ್ಡಿ ತಲೆಯಷ್ಟು ತೆಗೆದು 50 ಮಿಲಿಲೀಟರ್ ನೀರಿನಲ್ಲಿ ಚೆನ್ನಾಗಿ ಕಲಕಿ, ಬೆಳಿಗ್ಗೆ 5, ಸಂಜೆ 5 ಮಿಲಿಲೀಟರ್. ಟಬ್ಬಿನ ತಳಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದಿಡಿ. ಗೆರೆ ಕಾಣದಿದ್ದರೆ ಆ ಹೊತ್ತಿನ ಆಹಾರ ಬಿಡಿ. ಮರಿಗಳು ಸಾಯುವುದು ಹೆಚ್ಚಾಗಿ ಹಸಿವಿನಿಂದಲ್ಲ, ಅತಿಯಾದ ಆಹಾರದಿಂದ. ತಿನ್ನದೆ ಉಳಿದದ್ದು ಕೊಳೆತು, ನೀರು ಹಾಲಿನಂತೆ ಬೆಳ್ಳಗಾಗಿ, ಬ್ಯಾಕ್ಟೀರಿಯಾ ಆಮ್ಲಜನಕ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ಟಬ್ಬು ಖಾಲಿಯಾಗುತ್ತದೆ. ಈಸ್ಟ್ ಹಾಕಿದರಂತೂ ಇದು ಇನ್ನೂ ಬೇಗ. ದಿನ ಬಿಟ್ಟು ದಿನ ಐದನೇ ಒಂದು ಪಾಲು ನೀರು ತೆಗೆದು ಹೊಸ ಮಳೆನೀರು ಸೇರಿಸಬೇಕು.

ಮರಿಗಳನ್ನು ಬೇರೆ ಟಬ್ಬಿಗೆ ಹಾಕಲು ಬಲೆ ಬೇಡ. ಕತ್ತಲಲ್ಲಿ ಒಂದು ಮೂಲೆಗೆ ಟಾರ್ಚ್ ಹಿಡಿದರೆ ಸಾಕು, ತಲೆಯ ನಡುವಿನ ಒಂಟಿ ಕಣ್ಣಿನಿಂದ ಬೆಳಕನ್ನು ಗುರುತಿಸಿ ಅಲ್ಲೇ ಗುಂಪುಗೂಡುತ್ತವೆ. ಡ್ರಾಪರಿನಿಂದ ಎತ್ತಿ. ಅದೇ ಹೊತ್ತಿಗೆ ಡ್ರ್ಯಾಗನ್‌ಫ್ಲೈ ಮರಿ, ಬೆನ್ನಡಿಯಾಗಿ ಈಜುವ ನೀರು ತಿಗಣೆ ಇದ್ದರೆ ಆರಿಸಿ ತೆಗೆಯಿರಿ. ಗುಡ್ಡದ ಮೇಲೆ ಈ ಬೇಟೆಗಾರರು ಹಾರಿಬಂದು ಸೇರಲು ಕೆಲ ದಿನ ಬೇಕು. ಅಷ್ಟರೊಳಗೆ ಬೆಳೆದು ಮೊಟ್ಟೆ ಇಡುವುದೇ ಫೇರಿ ಶ್ರಿಂಪ್‌ನ ದಾರಿ. ಟಬ್ಬಿನಲ್ಲೂ ಸುಮಾರು ಎರಡು ವಾರಕ್ಕೆ ಹೆಣ್ಣುಗಳ ಹೊಟ್ಟೆಯ ಚೀಲದಲ್ಲಿ ಮೊಟ್ಟೆ ಕಂಡವು.

ದೊಡ್ಡವು ಅಂಗಾತ ಈಜುತ್ತವೆ, ಹನ್ನೊಂದು ಜೊತೆ ಕಾಲು ಮೇಲ್ಮುಖವಾಗಿ ಅಲೆಯಂತೆ ಒಂದರ ಹಿಂದೊಂದು ಬಡಿಯುತ್ತಿರುತ್ತವೆ. ಉಸಿರಾಟವೂ ಆ ಕಾಲುಗಳಿಂದಲೇ, ಊಟ ಸೋಸುವುದೂ ಅವುಗಳಿಂದಲೇ: ಹಿಡಿದ ಕಣಗಳು ಕಾಲುಗಳ ನಡುವಿನ ಸಣ್ಣ ಕಾಲುವೆಯಲ್ಲಿ ಬಾಯಿಯತ್ತ ಸಾಗುತ್ತವೆ. ಮೇಲು ಕೆಳಗನ್ನು ಅವು ನಿರ್ಧರಿಸುವುದು ಬೆಳಕಿನಿಂದ. ಗಾಜಿನ ಜಾಡಿಯನ್ನು ಕತ್ತಲ ಕೋಣೆಯಲ್ಲಿಟ್ಟು ಅಡಿಯಿಂದ ಟಾರ್ಚ್ ಬಿಟ್ಟರೆ ಕ್ಷಣದಲ್ಲಿ ಮಗುಚಿ, ಹೊಟ್ಟೆ ಬೆಳಕಿನ ಕಡೆಗೆ, ಬೆನ್ನು ಮೇಲಕ್ಕೆ ಮಾಡಿ ಈಜತೊಡಗುತ್ತವೆ. ಶಾಲೆಯ ಮಕ್ಕಳಿಗೆ ಇದನ್ನು ತೋರಿಸಲೇಬೇಕು.

ಗಂಡಿನ ಎರಡನೇ ಜೊತೆ ಮೀಸೆಯ ತುದಿ ಕತ್ತರಿಯಂತೆ ಕವಲೊಡೆದಿದ್ದರೆ ಅದು ಸ್ಟ್ರೆಪ್ಟೊಸೆಫಾಲಸ್ ಕುಲದ್ದು. ನಮ್ಮವು ಹಾಗೇ ಇವೆ. ಯಾವ ಪ್ರಭೇದವೆಂದು ಹೇಳುವುದು ಸೂಕ್ಷ್ಮದರ್ಶಕದಲ್ಲಿ ಆ ಕತ್ತರಿಯ ಹಲ್ಲುಗಳನ್ನು ನೋಡಿದ ಮೇಲೆಯೇ.

ಪುಷ್ಯ: ಅದೇ ಮಣ್ಣಿಗೆ ಮತ್ತೆ ನೀರು

ಮಳೆನೀರಿನ ಇನ್ನೊಂದು ಟಬ್ಬಿನಲ್ಲಿ ಮರಿಗಳು ಮೊಟ್ಟೆ ಇಡುವ ಮೊದಲೇ ಅವನ್ನೆಲ್ಲ ತೆಗೆದು, ನೀರನ್ನು ನಿಧಾನವಾಗಿ ಆರಿಸಿ, ಮಣ್ಣನ್ನು ಮೂರು ವಾರ ನೆರಳಿನಲ್ಲಿ ಒಣಗಿಸಿ ಮತ್ತೆ ಮಳೆನೀರು ಹಾಕಿದೆವು. ಮತ್ತೆ ಮರಿಗಳು ಬಂದವು. ಹೊಸ ಮೊಟ್ಟೆ ಒಂದೂ ಸೇರಿಲ್ಲ. ಮೊದಲ ಸಲ ನೀರು, ಬೆಳಕು, ತಂಪು ಎಲ್ಲ ಸಿಕ್ಕರೂ ಒಡೆಯದೆ ಉಳಿದವು ಇವು. ಇದ್ದ ಬಿತ್ತನೆ ಬೀಜವನ್ನೆಲ್ಲ ರೋಹಿಣಿ ಮಳೆಗೇ ಸುರಿಯದೆ ಒಂದು ಪಾಲು ಕಣಜದಲ್ಲಿ ಉಳಿಸಿಕೊಳ್ಳುವ ಒಣಬೇಸಾಯದ ರೈತನ ಲೆಕ್ಕವೇ ಇದು. ಮರುಭೂಮಿಯ ಗಿಡಗಳ ಬೀಜಗಳು ಹೀಗೇಕೆ ಮಾಡುತ್ತವೆ ಎಂಬುದಕ್ಕೆ ಜೀವವಿಜ್ಞಾನಿ ಡಾನ್ ಕೋಹೆನ್ 1966ರಲ್ಲಿ ಗಣಿತದ ವಿವರಣೆ ಕೊಟ್ಟರು: ಮಳೆ ಕೈಕೊಡುವ ಸಾಧ್ಯತೆ ಹೆಚ್ಚಿದ್ದಷ್ಟೂ ಒಂದೇ ಸಲಕ್ಕೆ ಮೊಳೆಯುವ ಪಾಲು ಕಡಿಮೆ ಇರಬೇಕು. ಮೃಗಶಿರಕ್ಕೆ ತುಂಬಿ ಆರಿದ್ರಾಕ್ಕೆ ಒಣಗುವ ನಮ್ಮ ದೊಣೆಗಳಿಗೆ ಆ ಮಾತು ಪೂರ್ತಿ ಹೊಂದುತ್ತದೆ.

ಮುಂದಿನದು

ಹುಬ್ಬಿ, ಉತ್ತರಿ ಮಳೆಗೆ ಇನ್ನೊಂದು ಹೋಲಿಕೆ ಸಿದ್ಧವಾಗುತ್ತಿದೆ: ನಾಲ್ಕು ಬೆರಳು ಆಳದ ದೊಣೆಯ ಮಣ್ಣು ಒಂದು ಕಡೆ, ಗೇಣು ಆಳದ್ದು ಇನ್ನೊಂದು ಕಡೆ. ಬೇಗ ಬತ್ತುವ ದೊಣೆಯ ಮೊಟ್ಟೆಗಳು ಮೊದಲ ನೀರಿಗೆ ಕಡಿಮೆ ಪಾಲು ಒಡೆಯುತ್ತವೆಯೇ ಎಂದು ನೋಡಬೇಕು. ಎರಡಕ್ಕೂ ಒಂದೇ ದಿನದ ಮಳೆನೀರು, ಒಂದೇ ತೂಕದ ಮಣ್ಣು, ಒಂದೇ ಕಿಟಕಿಯ ಬೆಳಕು. ಎಣಿಕೆ ದಿನಕ್ಕೆರಡು ಸಲ, ಎಣಿಸಿದ ಮರಿಗಳನ್ನು ಆಗಲೇ ಬೇರೆ ಟಬ್ಬಿಗೆ ಹಾಕಬೇಕು; ಇಲ್ಲದಿದ್ದರೆ ಒಂದೇ ಮರಿ ಎರಡು ಸಲ ಲೆಕ್ಕಕ್ಕೆ ಬರುತ್ತದೆ. ಬೆಳೆದವು ಮೊಟ್ಟೆ ಇಟ್ಟ ಟಬ್ಬುಗಳ ಮಣ್ಣನ್ನು ಒಣಗಿಸಿ, ದೊಣೆಯ ಗುರುತು ಬರೆದ ಕವರಿನಲ್ಲಿಟ್ಟು, ತಂದ ದೊಣೆಗೇ ವಾಪಸು ಹಾಕುತ್ತೇವೆ. ಬೇರೆ ದೊಣೆಗೆ ಹಾಕುವಂತಿಲ್ಲ.