ಮತ್ಸ್ಯಗಂಧಕ್ಕೆ ಮುನ್ನ

ನಾಳೆ ಮಧ್ಯಾಹ್ನ ಮುಂಬಯಿ ಬಳಿಯ ಠಾಣೆಯಲ್ಲಿ ಮತ್ಸ್ಯಗಂಧ ರೈಲು ಹತ್ತಿ ಉಡುಪಿಗೆ ಹೊರಡಬೇಕು. ಬಟ್ಟೆಯ ಚೀಲ ಹತ್ತು ನಿಮಿಷದಲ್ಲಿ ತುಂಬಿತು. ಲ್ಯಾಪ್‌ಟಾಪ್ ತುಂಬುವುದರಲ್ಲಿ ಇಡೀ ಭಾನುವಾರ ಮುಗಿಯಿತು. ರತ್ನಾಗಿರಿಯ ಬಳಿಯ ಕರಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರ್. ಕೊಂಕಣದ ದಾರಿಯಲ್ಲಿ ಇಂಟರ್‌ನೆಟ್ ನಂಬಿ ಹಾಡು ಕೇಳುವವರ ಧೈರ್ಯವೇ ಧೈರ್ಯ.

256 ಜಿಬಿ ಎಂದು ಕೊಂಡ ಡಿಸ್ಕ್ ಪರದೆಯ ಮೇಲೆ 238 ಎಂದೇ ತೋರಿಸುತ್ತದೆ. ಮೋಸವಲ್ಲ, ಕೆಬಿ, ಎಂಬಿ, ಜಿಬಿ ಎಂದು ಏರುವ ಪ್ರತಿ ಹಂತಕ್ಕೂ ತಯಾರಕರದು ಸಾವಿರದ ಲೆಕ್ಕ, ವಿಂಡೋಸ್‌ನದು 1024ರ ಲೆಕ್ಕ. ಆದರೂ ಹಾಲಿಗೆ ನೀರು ಬೆರೆಸಿ ಕೊಟ್ಟಂತೆ ಅನ್ನಿಸದೇ ಇರುವುದಿಲ್ಲ.

ಸಿನಿಮಾಗಳನ್ನು ಅಳಿಸುವಾಗ ನೋವಾಗಲಿಲ್ಲ. ಒಂದೊಂದೂ ಎರಡು ಜಿಬಿ ನುಂಗಿ, ನೋಡುವವರಿಲ್ಲದೆ ಬಿದ್ದಿದ್ದವು. ಅಪ್ಪನ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಹಾಡುಗಳ ಮೇಲೆ ಮಾತ್ರ ಕೈ ಏಳಲಿಲ್ಲ. ಅರವತ್ತು ನಿಮಿಷದ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಯಲು ಅರವತ್ತು ನಿಮಿಷವೇ ಬೇಕು. ಅಲ್ಲಿ ಅವಸರ ನಡೆಯುವುದಿಲ್ಲ. ಡೊಂಬಿವಲಿಯ ನಮ್ಮ ಹಳೆಯ ಖೋಲಿಯಲ್ಲಿ ಅಪ್ಪ ರೇಡಿಯೊದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ಯಕ್ಷಗಾನದ ಪದಗಳನ್ನು ಹಿಡಿದಿಡುತ್ತಿದ್ದರು. ಹಾಗೆ ಹಿಡಿದ ಒಂದು ಪದದ ನಡುವೆ ಅಮ್ಮ ಒಳಗಿನಿಂದ “ಊಟಕ್ಕೆ ಬನ್ನಿ, ಸಾರು ತಣ್ಣಗಾಯಿತು” ಎಂದು ಕೂಗಿದ್ದೂ ಸೇರಿಕೊಂಡಿದೆ. ಮೂರು ಸೆಕೆಂಡು. ಸೆಕೆಂಡಿಗೆ 128 ಕಿಲೋಬಿಟ್‌ನ ಎಂಪಿ3 ಲೆಕ್ಕದಲ್ಲಿ ಸುಮಾರು 50 ಕೆಬಿ.

ಅಮ್ಮ ಹೋಗಿ ಆರು ವರ್ಷವಾಯಿತು. ಆ ಕಡತವನ್ನು ಪೆನ್‌ಡ್ರೈವ್‌ಗೂ ಮೊಬೈಲ್‌ಗೂ ನಕಲು ಮಾಡಿದೆ.

ಈಗ ಇಯರ್‌ಫೋನ್ ಎಲ್ಲಿಟ್ಟಿದ್ದೇನೆ ಎಂಬುದು ನೆನಪಾಗುತ್ತಿಲ್ಲ.