ಸೋಮವಾರದ ಸೋಮಾರಿಗಳು

ನಮ್ಮ ಟೀಮಿಗೆ ಈ ಹೆಸರಿಟ್ಟವರು ನಮ್ಮ ಮ್ಯಾನೇಜರ್. ಔಟರ್ ರಿಂಗ್ ರೋಡಿನ ಆಫೀಸು, ಯುಎಸ್ ಕ್ಲೈಂಟಿನ ಅಕೌಂಟ್ಸ್ ಪೇಯಬಲ್ (ಅವರಿಗೆ ಬರುವ ಇನ್‌ವಾಯ್ಸ್, ಅಂದರೆ ಬಿಲ್ಲುಗಳನ್ನು ನೋಡಿ ಲೆಕ್ಕಕ್ಕೆ ಪೋಸ್ಟ್ ಮಾಡೋ ಕೆಲಸ), ಸಂಜೆ ಆರೂವರೆಯಿಂದ ಬೆಳಗಿನ ಜಾವ ಮೂರೂವರೆವರೆಗೆ ಶಿಫ್ಟು. ಫ್ಲೋರಿನ ಗೋಡೆ ಮೇಲಿನ ದೊಡ್ಡ ಟಿವಿಯಲ್ಲಿ ಮೈಕ್ರೋಸಾಫ್ಟಿನ ರಿಪೋರ್ಟ್ ಸಾಫ್ಟ್‌ವೇರ್ ಪವರ್ ಬಿಐನ ಡ್ಯಾಶ್‌ಬೋರ್ಡ್. ಒಬ್ಬೊಬ್ಬರ ಹೆಸರಿನ ಮುಂದೆ ಒಂದೊಂದು ಬಾರ್. ಟಾರ್ಗೆಟ್ ಮುಟ್ಟಿದರೆ ಹಸಿರು, ಹತ್ತಿರಕ್ಕೆ ಬಂದರೆ ಹಳದಿ, ಇಲ್ಲವಾದರೆ ಕೆಂಪು. ಮಂಗಳವಾರದಿಂದ ಶುಕ್ರವಾರದವರೆಗೆ ಎಲ್ಲ ಹಸಿರು. ಸೋಮವಾರ ಬಂತೆಂದರೆ ಇಡೀ ಗೋಡೆ ಕೆಂಪು.

ವೀಕೆಂಡಿನ ಗುಂಗು ಇಳಿದಿಲ್ಲ ಅನ್ನೋದು ಮ್ಯಾನೇಜರ್ ವಾದ. ಅವರದು ಇನ್ನೊಂದು ದೂರೂ ಇತ್ತು: ಮಿಕ್ಕ ದಿನ ಹನ್ನೆರಡರೊಳಗೆ ಟಾರ್ಗೆಟ್ ಮುಟ್ಟಿಸಿ, ಆಮೇಲೆ ಇವರು ಕೈ ಕಟ್ಟಿ ಕೂರ್ತಾರೆ. ಹನ್ನೆರಡರ ಮೇಲೆ ಬಾರ್ ಅಲ್ಲಾಡುತ್ತಿರಲಿಲ್ಲ, ನಿಜ. ನಮ್ಮದು ಪ್ರೋ ಲೈಸೆನ್ಸು, ದಿನಕ್ಕೆ 8 ಶೆಡ್ಯೂಲ್ಡ್ ರಿಫ್ರೆಶ್ (ಡೇಟಾ ತಾನಾಗೇ ಹೊಸದಾಗೋದು) ಅಷ್ಟೇ, ಹಾಗಾಗಿ ನಂಬರ್ ತಡವಾಗಿ ಬರೋದು ಎಲ್ಲರಿಗೂ ಅಭ್ಯಾಸ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮ್ಯಾನೇಜರ್ ಹೇಳಿದ ಪರಿಹಾರ: ರಾತ್ರಿ ಹನ್ನೆರಡೂವರೆಗೆ ಎಲ್ಲರನ್ನೂ ನಿಲ್ಲಿಸಿ ಹಡಲ್, ಅಂದರೆ ನಿಂತಲ್ಲೇ ಒಂದು ಚಿಕ್ಕ ಮೀಟಿಂಗ್. ಅದನ್ನು ನಡೆಸುತ್ತಿದ್ದವನು ಟೀಮ್ ಲೀಡ್ ಆದ ನಾನು. ಕೆಲಸ ಮಾಡುವವರನ್ನು ಎಬ್ಬಿಸಿ, ಕೆಲಸ ಯಾಕೆ ಮಾಡುತ್ತಿಲ್ಲ ಅಂತ ಕೇಳುವ ಹಡಲ್.

ಒಮ್ಮೆ ಮಂತ್ ಎಂಡ್ ಸೋಮವಾರಕ್ಕೇ ಬಿತ್ತು. ರಾತ್ರಿ ಒಂದು ಗಂಟೆ ಹೊತ್ತಿಗೆ ಬ್ರಿಡ್ಜ್ ಕಾಲ್, ಕ್ಲೈಂಟ್ ಕಡೆಯಿಂದ ಅವರ ಲೆಕ್ಕಪತ್ರ ನೋಡುವ ಕಂಟ್ರೋಲರ್, ನನ್ನ ಸ್ಕ್ರೀನ್ ಶೇರ್ ಆಗಿದೆ. ಹೆಚ್ಚುಕಮ್ಮಿ ಒಂದು ತಾಸಿನಿಂದ ನಿಮ್ಮ ಟೀಮು ಒಂದೇ ಒಂದು ಇನ್‌ವಾಯ್ಸ್ ಪೋಸ್ಟ್ ಮಾಡಿಲ್ಲವಲ್ಲ, ಯಾಕೆ ಅಂದರು. ನಾನು ಟಿವಿ ನೋಡಿದೆ, ಟೀಮ್ ಕೂರುವ ಬೇ ಕಡೆ ನೋಡಿದೆ. ಕೀಬೋರ್ಡ್ ಸದ್ದು ಕಿವಿಗೆ ಬೀಳುತ್ತಿದೆ. ಒಬ್ಬ ಜಿಆರ್‌ಎನ್ (ಸರಕು ಬಂದ ರಸೀದಿ) ಮಿಸ್‌ಮ್ಯಾಚ್ ಅಂತ ಬೈಯುತ್ತಿದ್ದಾನೆ, ಇನ್ನೊಬ್ಬರು ವೆಂಡರ್ ಜೊತೆ ಫೋನಲ್ಲಿದ್ದಾರೆ, ಊಟದ ಡಬ್ಬಿ ಕೂಡ ಬಿಚ್ಚದ ಜನ. ಕಣ್ಣೆದುರಿಗೆ ಕಾಣುವುದನ್ನು ನಂಬಬೇಕೋ ಗೋಡೆಯನ್ನೋ? ನಾನು ಗೋಡೆಯನ್ನು ನಂಬಿದೆ. ಕಾಲ್ ಮ್ಯೂಟ್ ಮಾಡಿ, ಬೇ ಹತ್ತಿರ ಹೋಗಿ ದನಿ ಏರಿಸಿದೆ: “ಏನ್ ಮಾಡ್ತಿದೀರ ಎಲ್ಲಾ? ಹನ್ನೆರಡರಿಂದ ಒಂದೂ ಪೋಸ್ಟ್ ಆಗಿಲ್ಲ!”

ನಾನ್ ಪಿಒ (ಪರ್ಚೇಸ್ ಆರ್ಡರ್ ಇಲ್ಲದ ಬಿಲ್ಲುಗಳ) ಕ್ಯೂ ನೋಡುವ ಹುಡುಗಿ ಕುರ್ಚಿಯಿಂದ ಏಳಲೂ ಇಲ್ಲ. ಮಾನಿಟರನ್ನು ನನ್ನ ಕಡೆ ತಿರುಗಿಸಿದಳು. ವರ್ಕ್‌ಫ್ಲೋ ಟೂಲಿನಲ್ಲಿ ಸಾಲುಸಾಲಾಗಿ ಪೋಸ್ಟೆಡ್, 12:07, 12:15, 12:22, ಹೀಗೇ ಕೆಳಗಿನವರೆಗೂ. “ಸರ್, ಡೇಟ್ ನೋಡಿ. ಹನ್ನೆರಡರ ಮೇಲೆ ಮಾಡಿದ್ದೆಲ್ಲ ನಾಳೆ ಲೆಕ್ಕಕ್ಕೆ ಹೋಗ್ತಿದೆ.” ಆದರೂ ಬಿಡದೆ ನಾನು ಸೀಟಿಗೆ ಬಂದು ರಿಫ್ರೆಶ್ ನೌ ಒತ್ತಿದೆ. ಮೇಲಿನ ಮೂಲೆಯಲ್ಲಿ ಲಾಸ್ಟ್ ರಿಫ್ರೆಶ್ಡ್ ಸಮಯ ಬದಲಾಯಿತು, ಬಾರ್ ಇದ್ದಲ್ಲೇ ಇತ್ತು. ಕಂಟ್ರೋಲರ್‌ಗೆ ಡೇಟಾ ಲ್ಯಾಗ್ ಅಂತ ಏನೋ ಗೊಣಗಿ, ಟೂಲಿಂದ ಎಕ್ಸೆಲ್ ಇಳಿಸಿ ಕಳಿಸಿದ ಮೇಲೆ ಅವರು ಸುಮ್ಮನಾದರು.

ಕಾರಣ ಕೇಳಿದರೆ ನಗು ಬರುತ್ತದೆ. ಡ್ಯಾಶ್‌ಬೋರ್ಡಿನ ‘ಇವತ್ತು’ ನಿಂತಿದ್ದದ್ದು ಟುಡೇ ಫಂಕ್ಷನ್ ಮೇಲೆ. ಆನ್‌ಲೈನಿನ ಪವರ್ ಬಿಐ ಸರ್ವಿಸ್‌ಗೆ ಹಾಕಿದ ಮೇಲೆ ಅದು ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ) ತಾರೀಕು ಕೊಡುತ್ತದೆ, ನಮ್ಮದಲ್ಲ. ಇದು ಮೈಕ್ರೋಸಾಫ್ಟಿನ ಡಾಕ್ಯುಮೆಂಟೇಶನ್ನಿನಲ್ಲೇ ಇದೆ, ಓದದೆ ಇದ್ದವರು ನಾವು. ನಾವು ಯುಟಿಸಿಗಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ಬೆಳಗಿನ ಐದೂವರೆವರೆಗೆ ಆ ಡ್ಯಾಶ್‌ಬೋರ್ಡಿಗೆ ಇನ್ನೂ ನಿನ್ನೆಯೇ. ಟೂಲು ಹಾಕುವ ಟೈಮ್‌ಸ್ಟ್ಯಾಂಪ್ ಮಾತ್ರ ಐಎಸ್‌ಟಿ, ಅಂದರೆ ನಮ್ಮ ಸಮಯ. ಹನ್ನೆರಡು ಹೊಡೆದ ಮೇಲೆ ಮುಗಿಸಿದ್ದು ಮರುದಿನದ ಖಾತೆಗೆ ಬಿದ್ದು, ಸಂಜೆ ನಾವು ಲಾಗಿನ್ ಆಗುವ ಹೊತ್ತಿಗೆ ಬಾರಿನಲ್ಲಿ ಆಗಲೇ ತುಂಬಿರುತ್ತಿತ್ತು. ಅದನ್ನು ಆಟೊಮೇಶನ್ ಬಾಟ್ ಹಗಲು ಹೊತ್ತು ಪೋಸ್ಟ್ ಮಾಡಿದ್ದು ಅಂದುಕೊಂಡಿದ್ದೆವು. ಆಟೊಮೇಶನ್ ಟೀಮಿನವರೂ ಹಾಗೇ ಅಂದುಕೊಂಡು ತಮ್ಮ ಡೆಕ್ಕಿನಲ್ಲಿ ಒಂದು ಸ್ಲೈಡ್ ಹಾಕಿಕೊಂಡಿದ್ದರು!

ಸೋಮವಾರಕ್ಕೆ ಮಾತ್ರ ಹಿಂದಿನ ರಾತ್ರಿಯ ಈ ಬಾಲ ಇಲ್ಲ, ಭಾನುವಾರ ರಾತ್ರಿ ಶಿಫ್ಟೇ ಇಲ್ಲವಲ್ಲ. ಆರೂವರೆಯಿಂದ ಹನ್ನೆರಡರವರೆಗೆ ಮಾಡಿದ್ದಷ್ಟೇ ಅವತ್ತಿನ ಲೆಕ್ಕ. ಒಂಬತ್ತು ಗಂಟೆಯ ಶಿಫ್ಟಿನಲ್ಲಿ ಮೂರೂವರೆ ಗಂಟೆ ಮಾಯ. ಶುಕ್ರವಾರದ ಬಾಲ ಶನಿವಾರದ ತಾರೀಕಿಗೆ ಹೋಗುತ್ತಿತ್ತು, ವೀಕ್ಲಿ ರಿಪೋರ್ಟಿನಲ್ಲಿ ಶನಿವಾರವೇ ಇಲ್ಲ. ಅಂದರೆ ಪ್ರತಿ ವಾರ ಅಷ್ಟು ಕೆಲಸ ಯಾರ ಹೆಸರಿಗೂ ಸೇರದೆ ಹೋಗುತ್ತಿತ್ತು.

ಡ್ಯಾಶ್‌ಬೋರ್ಡ್ ಮಾಡಿದ ಎಂಐಎಸ್ (ರಿಪೋರ್ಟ್ ವಿಭಾಗದ) ಹುಡುಗನನ್ನು ಬೈಯುವಂತಿಲ್ಲ. ಅವನದು ಜನರಲ್ ಶಿಫ್ಟು, ಸಿಲ್ಕ್ ಬೋರ್ಡ್ ಜಾಮ್ ಆಗುವ ಮೊದಲು ಹೊರಡಬೇಕು. ಹಗಲು ಹೊತ್ತಿನಲ್ಲಿ ಯುಟಿಸಿ ತಾರೀಕೂ ನಮ್ಮ ತಾರೀಕೂ ಒಂದೇ, ಎಷ್ಟು ಸಲ ಟೆಸ್ಟ್ ಮಾಡಿದರೂ ಸರಿಯಾಗೇ ಬರುತ್ತೆ. ಅವನ ಲ್ಯಾಪ್‌ಟಾಪಿನ ಡೆಸ್ಕ್‌ಟಾಪ್ ಆವೃತ್ತಿಯಂತೂ ಲ್ಯಾಪ್‌ಟಾಪಿನ ಗಡಿಯಾರವನ್ನೇ ನೋಡುತ್ತೆ. ವಿಷಯ ತಿಳಿದ ಮೇಲೆ ರಿಪೇರಿ ಸಣ್ಣದು: ಪೋಸ್ಟ್ ಆದ ಸಮಯದಿಂದ 12 ಗಂಟೆ ಕಳೆದು, ಬಂದ ತಾರೀಕನ್ನು ಶಿಫ್ಟ್ ಡೇಟ್ ಅಂತ ಹೊಸ ಕಾಲಮ್ಮಿಗೆ ಹಾಕೋದು; ‘ಇವತ್ತು’ ಅನ್ನೋದಕ್ಕೂ ಯುಟಿಸಿಗೆ ಐದೂವರೆ ಗಂಟೆ ಕೂಡಿ ಅದೇ 12 ಕಳೆಯೋದು. ನವೆಂಬರಿನಲ್ಲಿ ಅಮೆರಿಕದವರು ಗಡಿಯಾರ ಹಿಂದಕ್ಕೆ ತಿರುಗಿಸಿ ನಮ್ಮ ಶಿಫ್ಟು ಏಳೂವರೆಗೆ ಹೋದರೂ ಲೆಕ್ಕ ಕೆಡಲ್ಲ. ಈಗ ಹೊಸ ಡ್ಯಾಶ್‌ಬೋರ್ಡ್ ಬಂದರೆ ಒಂದು ರಾತ್ರಿಯಾದರೂ ಫ್ಲೋರಿಗೆ ಬಂದು ನೋಡು ಅಂತ ಅವನಿಗೆ ಹೇಳಿದ್ದೇನೆ. ಬರ್ತೀನಿ ಸರ್, ಕ್ಯಾಬ್ ಅಪ್ರೂವಲ್ ಕೊಡ್ಸಿ ಅಂದ. ಅಪ್ರೂವಲ್ ಇನ್ನೂ ಬಂದಿಲ್ಲ.

ಸರಿ ಮಾಡಿದ ಮೇಲೆ ಸೋಮವಾರ ಹಸಿರಾಯಿತು. ಮ್ಯಾನೇಜರ್ ಮೇಲಿನವರಿಗೆ ಹೋದ ಮೇಲ್‌ನಲ್ಲಿ ಅದನ್ನು ಹಡಲ್‌ನಿಂದ ಬಂದ ಫಲ ಅಂತ ಬರೆದರು.

ಮಾನಿಟರ್ ತಿರುಗಿಸಿದ ಹುಡುಗಿಯ ವಿಷಯಕ್ಕೆ ಮಾತ್ರ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. ಹಿಂದಿನ ರೇಟಿಂಗಿನಲ್ಲಿ ಅವಳಿಗೆ “ಹನ್ನೆರಡರ ನಂತರ ಪ್ರೊಡಕ್ಟಿವಿಟಿ ಕಮ್ಮಿ” ಅಂತ ಕಾಮೆಂಟ್ ಬರೆದವನು ನಾನೇ. ಬದಲಾಯಿಸಿ ಅಂತ ಎಚ್‌ಆರ್‌ಗೆ ಮೇಲ್ ಹಾಕಿದೆ. ಸೈಕಲ್ ಕ್ಲೋಸ್ ಆಗಿದೆ ಅಂದರು. ಮತ್ತೆ ಹಾಕಿದೆ, ಟೂಲಿನ ಎಕ್ಸೆಲ್ ಜೊತೆಗೆ, ಈ ಸಲ ಮ್ಯಾನೇಜರನ್ನೂ ಸಿಸಿಯಲ್ಲಿ ಇಟ್ಟು. ಅದಕ್ಕೆ ಬಂದಿರುವುದು ಟಿಕೆಟ್ ನಂಬರ್ ಮಾತ್ರ.