ವಾಲಿ ಎಸೆದ ಉಪಮೆ

ತಾಳಮದ್ದಳೆ ಅಂದರೆ ಯಕ್ಷಗಾನದ ಕೂತು ಮಾತಾಡುವ ರೂಪ. ಅದರಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸಿದರೆ, ಪಂಚೆ ಶಲ್ಯದ ಅರ್ಥಧಾರಿಗಳು ಎದುರುಬದುರು ಕೂತು ಮಾತಾಡುತ್ತಾರೆ. ಬರೆದಿಟ್ಟ ಸಂಭಾಷಣೆ ಇಲ್ಲ. ಅಲ್ಲಲ್ಲೇ ಹುಟ್ಟಿದ ಮಾತು.

ಈ ಸಲದ ಆಟಿ ತಿಂಗಳ ಮಳೆಗಾಲದಲ್ಲಿ ಪುತ್ತೂರಿನ ಕಡೆ ದೇವಸ್ಥಾನವೊಂದರ ಸಭಾಭವನದಲ್ಲಿ ವಾಲಿವಧೆ ಪ್ರಸಂಗ ಇತ್ತು. ಎಸ್ಸೆಸ್ಸೆಲ್ಸಿ ಓದುವ ಅಕ್ಕನ ಮಗಳನ್ನೂ ಕರೆದುಕೊಂಡು ಹೋದೆ. ಆಸಕ್ತಿಯಿಂದ ಬಂದಳು ಅಂತಲ್ಲ, ಮನೆಯಲ್ಲಿ ಕರೆಂಟ್ ಇರಲಿಲ್ಲ.

ಆ ವಾರ ಅವಳು ಅಲಂಕಾರ ಉರು ಹೊಡೆಯುತ್ತಿದ್ದಳು. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕ ಪದ (ಹೋಲಿಕೆ ಹೇಳುವ ಪದ), ಸಮಾನ ಧರ್ಮ (ಎರಡಕ್ಕೂ ಸಮಾನವಾದ ಗುಣ). ನಾಲ್ಕೂ ಇದ್ದರೆ ಪೂರ್ಣೋಪಮೆ, ಒಂದಾದರೂ ಬಿಟ್ಟರೆ ಲುಪ್ತೋಪಮೆ. ಮುಖ, ಕಮಲ, ಅಂತೆ, ಅರಳುವುದು. ಮುಗೀತು.

ಬಾಣ ತಿಂದು ಬಿದ್ದ ವಾಲಿ ಶುರು ಮಾಡಿದ. "ಹುಲ್ಲು ಮುಚ್ಚಿದ ಬಾವಿಯಂಥವನು ನೀನು, ರಾಮಾ." ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲೇ ಇರುವ ಹೋಲಿಕೆ ಇದು. ಅರ್ಥಧಾರಿಗಳು ಅದನ್ನು ಬೆಳೆಸಿದರು. ಮೇಲೆ ಹಸಿರು. ಹಸಿದ ದನ ನಂಬಿ ಬರುತ್ತದೆ. ಕಾಲಿಟ್ಟರೆ ಪಾತಾಳ. ಸ್ವಲ್ಪ ಹೊತ್ತಿಗೆ 'ಅಂಥವನು' ಬಿದ್ದೇ ಹೋಯಿತು. "ಆ ಬಾವಿಯೇ ನೀನು!" ಅಂದರು.

"ಮಾವ, ಈಗ ರೂಪಕ ಆಯ್ತು" ಅಂತ ಪಕ್ಕದಿಂದ ಪಿಸುಮಾತು.

ನಿಜವಾದ ಮಜಾ ಆಮೇಲೆ. "ಬೇಡನ ಹಾಗೆ ಮರೆಯಲ್ಲಿ ನಿಂತು ಹೊಡೆದೆ" ಅಂದ ವಾಲಿ. ರಾಮ ಸಿಟ್ಟಾಗಲಿಲ್ಲ. "ಒಪ್ಪಿದೆ. ಬೇಡನ ಹಾಗೆಯೇ. ಯಾವ ಬೇಡ ಮೃಗವನ್ನು ಕೂಗಿ ಕರೆದು ಎದುರು ನಿಲ್ಲುತ್ತಾನೆ? ಬೇಟೆ ಅರಸರಿಗೆ ಸಲ್ಲುವುದೇ. ನೀನೋ ಶಾಖಾಮೃಗ."

ಸಭೆ ಗೊಳ್ಳೆಂದಿತು. ಉಪಮೇಯ ಅದೇ, ಉಪಮಾನ ಅದೇ, 'ಹಾಗೆ' ಅನ್ನುವ ಪದವೂ ಅದೇ. ಬದಲಾದದ್ದು ಸಮಾನ ಧರ್ಮ ಮಾತ್ರ. ವಾಲಿಗೆ ಬೇಡ ಅಂದರೆ ಅಡಗುವವನು, ರಾಮನಿಗೆ ಅಡಗಲು ಹಕ್ಕಿರುವವನು. ಇನ್ನೊಂದು ತಮಾಷೆ, 'ನೀನು ಶಾಖಾಮೃಗ', ಅಂದರೆ ಕೊಂಬೆಯ ಮೃಗ, ಕಪಿ, ಅಂದದ್ದು ರೂಪಕವೂ ಅಲ್ಲ. ವಾಲಿ ನಿಜಕ್ಕೂ ವಾನರನೇ ಅಲ್ವಾ? ಬೈಗುಳದ ಹಾಗೆ ಕೇಳಿಸುವ ಈ ಮಾತು ಬರೀ ಪರಿಚಯ!

ವಾಲಿಯೂ ಬಿಡಲಿಲ್ಲ. "ಬೇಡನಾದರೆ ಬೇಟೆಯ ಲಾಭ ಹೇಳು. ನನ್ನ ಚರ್ಮ ಉಡುವಂಥದ್ದಲ್ಲ, ಮಾಂಸ ತಿನ್ನುವಂಥದ್ದಲ್ಲ. ಐದು ಉಗುರಿನ ಪ್ರಾಣಿಗಳಲ್ಲಿ ಮೊಲ, ಉಡ, ಆಮೆ ಆದೀತು. ಕಪಿ ಆಗದು." ಇದೂ ವಾಲ್ಮೀಕಿಯಲ್ಲಿದೆ. ಅಲ್ಲಿ ವಾಲಿ ಇದನ್ನು ರಾಮನ ಉತ್ತರಕ್ಕಿಂತ ಮೊದಲೇ ಹೇಳಿ ಮುಗಿಸುತ್ತಾನೆ. ಇಲ್ಲಿ ಕಾದಿಟ್ಟು ಹೊಡೆದರು. ನನಗೆ ಇದೇ ಹೆಚ್ಚು ರುಚಿಸಿತು. ಹೋಲಿಕೆ ಎಲ್ಲಿಯವರೆಗೆ ಎಳೆಯುತ್ತದೆ, ಎಲ್ಲಿ ಹರಿಯುತ್ತದೆ ಅಂತ ಇಬ್ಬರೂ ಸೇರಿ ಪರೀಕ್ಷೆ ಮಾಡಿದಂತಿತ್ತು. ನಮ್ಮ ವ್ಯಾಕರಣದ ಪುಸ್ತಕಗಳು ಇದನ್ನು ಕೇಳುವುದೇ ಇಲ್ಲ. ನಾಲ್ಕು ಭಾಗಕ್ಕೆ ಹೆಸರು ಬರೆದರೆ ಅಂಕ.

ಮೋಕ್ಷ, ತಾರೆಯ ಶೋಕ ಎಲ್ಲ ಬೇಗ ಮುಗಿಸಿದರು. ಕಾರಿನಲ್ಲಿ ಅವಳು ಬಹಳ ಹೊತ್ತು ಲೆಕ್ಕ ಹಾಕಿದಳು. ಆಮೇಲೆ ಕೇಳಿದಳು. "ಮಾವ, 'ರಾಮನು ಬೇಡನಂತೆ ಬಾಣ ಬಿಟ್ಟನು' ಅಂತ ಪರೀಕ್ಷೆಗೆ ಬಂದರೆ ಸಮಾನ ಧರ್ಮ ಏನು ಬರೆಯೋದು?"

"ಪೇಪರ್ ತಿದ್ದುವವರು ವಾಲಿ ಕಡೆಯೋ ರಾಮನ ಕಡೆಯೋ ನೋಡಿಕೊಂಡು ಬರಿ" ಅಂದೆ.